18,000 ಕಿ.ಮೀ. ಓಡಿದ ಎಂ340ಐ: ಟೋಕನ್ ಕೊಡುವ ಮುಂಚೆ ಏನು ನೋಡಬೇಕು?

ಪ್ರಶ್ನೆ: ಪುಣೆಯ ಬಾಣೇರ್‌ನಲ್ಲಿದ್ದೇನೆ, ಊರು ಹುಬ್ಬಳ್ಳಿ. ಅಂಧೇರಿಯಲ್ಲಿ 2022ರ ಬಿಎಂಡಬ್ಲ್ಯು ಎಂ340ಐ ಒಂದು ಮಾರಾಟಕ್ಕಿದೆ. ಒಬ್ಬರೇ ಮಾಲೀಕರು, 18,000 ಕಿ.ಮೀ. ಓಡಿದೆ, ನೋಡಲು ಫಳಫಳ ಅನ್ನುತ್ತಿದೆ. ‘ಶೋರೂಮ್ ಕಂಡೀಷನ್ ಸಾರ್, ಇನ್ನೂ ಇಬ್ಬರು ಕೇಳ್ತಿದ್ದಾರೆ’ ಅಂತ ಡೀಲರು ಅವಸರ ಮಾಡುತ್ತಿದ್ದಾರೆ. ಗಾಡಿಯ ಹುಚ್ಚು ಇದೆ, ಇಂಥ ಗಾಡಿ ಕೊಂಡ ಅನುಭವ ಇಲ್ಲ. ಏನೇನು ನೋಡಲಿ?

ಉತ್ತರ: ಮೊದಲು ಆ 18,000 ಅನ್ನುವ ಅಂಕಿಯನ್ನು ಬದಿಗಿಡಿ. ಇಂಥ ಗಾಡಿಗೆ ಕಡಿಮೆ ಓಟವೇ ಒಂದು ಗುಣವಲ್ಲ. ವಾರವಿಡೀ ಬೇಸ್‌ಮೆಂಟಿನಲ್ಲಿ ನಿಂತು, ಭಾನುವಾರ ಬೆಳಿಗ್ಗೆ ತಣ್ಣನೆಯ ಎಂಜಿನ್‌ನಲ್ಲೇ ಸೀ ಲಿಂಕ್ ಮೇಲೆ ಕಿವಿ ಹಿಂಡಿಸಿಕೊಂಡ ಗಾಡಿಗಿಂತ, ಪುಣೆ–ಮುಂಬೈ ಓಡಾಡಿ 45,000 ದಾಟಿದ ಗಾಡಿ ಎಷ್ಟೋ ಸಲ ಗಟ್ಟಿಯಾಗಿರುತ್ತದೆ. ನೋಡಬೇಕಾದದ್ದು ತಾಳೆ. ಮೀಟರು, ಟೈರು, ಬ್ರೇಕು, ಆಯಿಲ್ ಬಿಲ್ಲು, ಇನ್ಶೂರೆನ್ಸ್ ಕಾಗದ ಎಲ್ಲ ಒಂದೇ ಮಾತು ಹೇಳಬೇಕು. ಒಂದು ಬೇರೆ ಮಾತಾಡಿದರೆ ಅಲ್ಲಿ ನಿಲ್ಲಿ.

ಟೈರಿನಿಂದ ಶುರು ಮಾಡಿ, ಅದು ಸುಳ್ಳು ಹೇಳುವುದಿಲ್ಲ. ಪಕ್ಕದ ಗೋಡೆಯ ಮೇಲೆ ನಾಲ್ಕು ಅಂಕಿ ಇರುತ್ತದೆ: 2321 ಎಂದರೆ 2021ರ 23ನೇ ವಾರ ತಯಾರಾದದ್ದು. ಸಮಾಧಾನವಾಗಿ ಓಡಿಸಿದ್ದರೆ 18,000ಕ್ಕೆ ಕಂಪನಿ ಟೈರೇ ಇರಬೇಕು, ಅಂದರೆ ನಾಲ್ಕರ ತಾರೀಖೂ ಗಾಡಿಗಿಂತ ಕೆಲವೇ ತಿಂಗಳು ಹಿಂದಿನದು. ಹಿಂದಿನ ಎರಡು ಮಾತ್ರ ಹೊಸದಾಗಿದ್ದರೆ ಒಂದೋ ರಬ್ಬರ್ ಸುಟ್ಟಿದ್ದಾರೆ, ಇಲ್ಲವೇ ಮೀಟರ್ ನಂಬುವಂತಿಲ್ಲ. ಈ ಗಾಡಿಯಲ್ಲಿ ಇದಕ್ಕೆ ಇನ್ನೊಂದು ಬೆಲೆಯೂ ಇದೆ. ಎಕ್ಸ್‌ಡ್ರೈವ್ ನಾಲ್ಕೂ ಚಕ್ರಕ್ಕೆ ಶಕ್ತಿ ಹಂಚುವ ವ್ಯವಸ್ಥೆ. ಮುಂದಿನ ಮತ್ತು ಹಿಂದಿನ ಟೈರುಗಳ ಸವೆತದಲ್ಲಿ 2 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸವಿದ್ದರೆ, ಅಥವಾ ಬೇರೆ ಬೇರೆ ಕಂಪನಿಯ ಟೈರು ಬೆರೆಸಿದ್ದರೆ, ಸುತ್ತಳತೆ ತಪ್ಪಿ ಟ್ರಾನ್ಸ್‌ಫರ್ ಕೇಸ್ (ಮುಂದಿನ, ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಪೆಟ್ಟಿಗೆ) ಒಳಗಿನ ಕ್ಲಚ್ ಸದಾ ಉಜ್ಜುತ್ತಿರುತ್ತದೆ. ಪಾರ್ಕಿಂಗ್ ಜಾಗದಲ್ಲಿ ಸ್ಟೀರಿಂಗ್ ಪೂರ್ತಿ ತಿರುಗಿಸಿ ನಿಧಾನಕ್ಕೆ ಎರಡು ಸುತ್ತು ಹಾಕಿ. ಗಾಡಿ ತಡೆದು ತಡೆದು ಜಗ್ಗಿದಂತೆ ಅನ್ನಿಸಿದರೆ ಇದೇ ಕಾರಣವಿರಬಹುದು. ರನ್‌ಫ್ಲಾಟ್, ಅಂದರೆ ಗಾಳಿ ಹೋದರೂ ಸ್ವಲ್ಪ ದೂರ ಓಡುವ ಟೈರು, ಒಂದು ಸೆಟ್‌ಗೆ ಲಕ್ಷ ದಾಟುವುದು ಮಾಮೂಲು, ಅದನ್ನು ಚೌಕಾಸಿಯಲ್ಲಿ ಹಿಡಿಯಿರಿ.

ಬ್ರೇಕ್ ಡಿಸ್ಕಿನ ಮೇಲೆ ಕನಿಷ್ಠ ದಪ್ಪ ಅಚ್ಚೊತ್ತಿರುತ್ತದೆ. ಅಂಚಿಗೆ ಬೆರಳಾಡಿಸಿ. ಉಗುರು ಸಿಕ್ಕಿಕೊಳ್ಳುವಷ್ಟು ಏರು ಕಟ್ಟಿದ್ದರೆ 18,000ದ ಸವೆತ ಅದಲ್ಲ. ಸಮುದ್ರದ ಪಕ್ಕ ನಿಂತ ಗಾಡಿಯ ಡಿಸ್ಕಿನ ಮೇಲೆ ತೆಳು ತುಕ್ಕು ಬರುವುದು ಸಹಜ, ನಾಲ್ಕು ಬ್ರೇಕ್ ಹೊಡೆದರೆ ಹೋಗುತ್ತದೆ.

ಇನ್ನು ಈ ಮಾದರಿಯ ನಿಜವಾದ ಪ್ರಶ್ನೆ: ಟ್ಯೂನ್ ಆಗಿದೆಯೇ, ಅಂದರೆ ಎಂಜಿನ್ ಕಂಪ್ಯೂಟರಿನ ಫೈಲ್ ಬದಲಿಸಿ ಶಕ್ತಿ ಏರಿಸಿದ್ದಾರೆಯೇ? 2021ರ ಮಾರ್ಚ್‌ನಲ್ಲಿ ಇಲ್ಲಿಗೆ ಬಂದ ಈ 3 ಲೀಟರಿನ ಆರು ಸಿಲಿಂಡರ್ ಬಿ58 ಎಂಜಿನ್‌ಗೆ ಕಂಪನಿಯಿಂದಲೇ 387 ಅಶ್ವಶಕ್ತಿ, 500 ನ್ಯೂಟನ್ ಮೀಟರ್ ಟಾರ್ಕ್; 100 ಮುಟ್ಟಲು 4.4 ಸೆಕೆಂಡ್. ಅಷ್ಟಿದ್ದೂ ಸಾಲದೆ ಸ್ಟೇಜ್ ಒಂದು, ಸ್ಟೇಜ್ ಎರಡು ಅಂತ ಏರಿಸಿಕೊಂಡವರು ಮುಂಬೈ–ಪುಣೆಯಲ್ಲಿ ಬೇಕಾದಷ್ಟು ಜನ. ಟ್ಯೂನ್ ಮಾಡಿದ್ದೇ ಪಾಪವೇನಲ್ಲ, ಮುಚ್ಚಿಟ್ಟು ಮಾರುವುದು ತಪ್ಪು, ಏಕೆಂದರೆ ವಾರಂಟಿ ಅಲ್ಲಿಗೆ ಕೈಬಿಡುತ್ತದೆ. ಮಾರುವ ಮುಂಚೆ ಫೈಲನ್ನು ಮೂಲಕ್ಕೆ ಮರಳಿಸುವುದು ಸುಲಭ, ಆದರೆ ಗುರುತು ಉಳಿಯುತ್ತದೆ. 2020ರ ನಡುವಿನ ನಂತರ ತಯಾರಾದ ಬಿಎಂಡಬ್ಲ್ಯು ಎಂಜಿನ್ ಕಂಪ್ಯೂಟರಿಗೆ ಬೀಗ ಹಾಕಿರುತ್ತಾರೆ. ಅದನ್ನು ತೆಗೆಸಲು ಸಾಮಾನ್ಯವಾಗಿ ಪೆಟ್ಟಿಗೆಯನ್ನೇ ಗಾಡಿಯಿಂದ ಬಿಚ್ಚಬೇಕು. ಅದರ ಬೋಲ್ಟಿನ ತಲೆ, ಕನೆಕ್ಟರಿನ ಕೊಕ್ಕೆಗಳ ಮೇಲೆ ಪಾನಾ ಆಡಿದ ಗೀರು ಇದೆಯೇ ನೋಡಿ. ಸೈಲೆನ್ಸರಿನ ಜೋಡಣೆಯಲ್ಲಿ ಹೊಸ ಕ್ಲಾಂಪ್, ತಣ್ಣನೆ ಸ್ಟಾರ್ಟ್‌ನಲ್ಲಿ ಹಸಿ ಪೆಟ್ರೋಲಿನ ಘಾಟು ಇದ್ದರೆ ಡೌನ್‌ಪೈಪ್ (ಟರ್ಬೋದಿಂದ ಹೊಗೆ ಒಯ್ಯುವ ಕೊಳವೆ) ಬದಲಾಗಿದೆ ಎಂದೇ ಅನುಮಾನಿಸಿ.

ಗಾಡಿಯ ಕಂಪ್ಯೂಟರಿನ ದೋಷದ ಕೋಡ್‌ಗಳನ್ನು ಫೋನಿನಲ್ಲಿ ತೋರಿಸುವ ಒಂದು ಸಾಧಾರಣ ಬ್ಲೂಟೂತ್ ಒಬಿಡಿ ಡಬ್ಬಿ ಜೇಬಿನಲ್ಲಿರಲಿ, ಸ್ಟೀರಿಂಗ್ ಕೆಳಗಿನ ಪೋರ್ಟಿಗೆ ಚುಚ್ಚಿ. ‘ಫಾಲ್ಟ್ ಇಲ್ಲ’ ಅನ್ನುವುದನ್ನು ನೋಡಿ ಹಿಗ್ಗಬೇಡಿ. ನೋಡಬೇಕಾದದ್ದು ಕೋಡ್ ಅಳಿಸಿದ ಮೇಲೆ ಎಷ್ಟು ದೂರ ಓಡಿದೆ ಅನ್ನುವ ಸಾಲು. ಅಲ್ಲಿ 12 ಕಿ.ಮೀ. ಅಂತ ಬಂದರೆ ನಿಮಗೋಸ್ಕರ ನಿನ್ನೆ ಯಾರೋ ಗುಡಿಸಿದ್ದಾರೆ ಅಂತ ಅರ್ಥ. 200–300 ಕಿ.ಮೀ. ಓಡಿಸಿ ಮತ್ತೆ ತೋರಿಸಿ ಅನ್ನಿ.

ಮುಂಬೈ ಗಾಡಿ ಅಂದ ಮೇಲೆ ನೀರು. ಅಂಧೇರಿ ಸಬ್‌ವೇ, ಮಿಲನ್ ಸಬ್‌ವೇ, ಹಿಂದ್‌ಮಾತಾ ಪ್ರತಿ ಮಳೆಗಾಲಕ್ಕೂ ಸುದ್ದಿ. ಪುಣೆಯದೂ ಕಡಿಮೆಯಿಲ್ಲ, 2024ರ ಜುಲೈ 25ರಂದು ಖಡಕ್‌ವಾಸ್ಲಾ ಅಣೆಕಟ್ಟೆಯಿಂದ ನೀರು ಬಿಟ್ಟಾಗ ಸಿಂಹಗಡ ರಸ್ತೆಯ ಸೊಸೈಟಿಗಳ ಪಾರ್ಕಿಂಗೇ ಮುಳುಗಿತ್ತು. ಸೀಟು, ಮ್ಯಾಟು ತೊಳೆದು ಸುಗಂಧ ಹೊಡೆದರೆ ಮೂಗು ಮೋಸ ಹೋಗುತ್ತದೆ, ಕೈ ಹೋಗುವುದಿಲ್ಲ. ಮುಂದಿನ ಸೀಟನ್ನು ಪೂರ್ತಿ ಹಿಂದಕ್ಕೆ, ಮತ್ತೆ ಪೂರ್ತಿ ಮುಂದಕ್ಕೆ ಸರಿಸಿ, ಟಾರ್ಚ್ ಹಿಡಿದು ಬಗ್ಗಿ. ಸೀಟಿನ ಹಳಿಯ ಬೋಲ್ಟಿನ ಸುತ್ತ ಕಂದು ತುಕ್ಕಿದೆಯೇ? ಏರ್‌ಬ್ಯಾಗಿನ ಹಳದಿ ಕನೆಕ್ಟರಿನ ಪಿನ್ನು ಹಸಿರು ತಿರುಗಿದೆಯೇ? ಅದನ್ನು ಎಳೆದು ಬಿಚ್ಚಲು ಹೋಗಬೇಡಿ, ಏರ್‌ಬ್ಯಾಗ್ ದೀಪ ಹತ್ತೀತು. ಸಬ್‌ವೂಫರ್ ಇರುವುದೂ ಮುಂದಿನ ಸೀಟುಗಳ ಕೆಳಗೇ, ಆದ್ದರಿಂದ ತಬಲಾ ಇರುವ ಹಾಡೊಂದನ್ನು ಜೋರಾಗಿ ಹಾಕಿ. ನೀರು ಕುಡಿದ ಸ್ಪೀಕರು ಗರಗರ ಅನ್ನುತ್ತದೆ. ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆದು ಕೆಸರಿನ ಗೆರೆ ಹುಡುಕಿ. ಈ ಗಾಡಿಯ ಬ್ಯಾಟರಿ ಡಿಕ್ಕಿಯಲ್ಲಿದೆ. ಅಲ್ಲಿನ ಮುಚ್ಚಳ ಎತ್ತಿದಾಗ ಮೂಲೆಯಲ್ಲಿ ನಯವಾದ ಮಣ್ಣು ಸಿಕ್ಕರೆ ಬೆಲೆ ಕೇಳದೆ ಕೈಮುಗಿದು ಬನ್ನಿ.

ಬಣ್ಣದ ದಪ್ಪ ಅಳೆಯುವ ಮೀಟರ್ ತಂದರೆ ಎರಡು ಸಂಗತಿ ನೆನಪಿರಲಿ. ಬಾನೆಟ್ ಮತ್ತು ಮುಂದಿನ ಫೆಂಡರ್ ಅಲ್ಯೂಮಿನಿಯಂ, ಬರೀ ಕಬ್ಬಿಣಕ್ಕೆ ಅಳೆಯುವ ಅಗ್ಗದ ಮೀಟರ್ ಅಲ್ಲಿ ಸುಮ್ಮನಿರುತ್ತದೆ. ಎರಡನೆಯದು, ಮುಂಬೈಯ ಇಂಥ ಗಾಡಿಗಳಿಗೆ ಪಿಪಿಎಫ್, ಅಂದರೆ ಬಣ್ಣ ಕಾಯುವ ಪಾರದರ್ಶಕ ಫಿಲ್ಮ್, ಹಾಕಿಸುವುದು ಮಾಮೂಲು. ಫಿಲ್ಮೇ 200 ಮೈಕ್ರಾನ್ ಆಸುಪಾಸು. ಕಂಪನಿ ಬಣ್ಣ 90ರಿಂದ 150 ಎಂದುಕೊಂಡರೆ, ಫಿಲ್ಮಿನ ಮೇಲೆ 330 ತೋರಿಸಿದರೂ ಗಾಬರಿ ಬೇಡ. ಫಿಲ್ಮಿಲ್ಲದ ಬಾಗಿಲ ಚೌಕಟ್ಟಿನಲ್ಲಿ ಅಳೆದು ಹೋಲಿಸಿ. 500 ದಾಟಿದರೆ ಅದು ಬಣ್ಣವಲ್ಲ, ಪುಟ್ಟಿ.

ಇಷ್ಟು ದಾಟಿದರೆ ಕಂಪನಿಯ ವರ್ಕ್‌ಶಾಪಿನಲ್ಲಿ ಲಿಫ್ಟ್‌ಗೆ ಏರಿಸಿ, ಖರ್ಚು ನಿಮ್ಮದೇ ಇರಲಿ. ಅಡಿಯ ಪ್ಲಾಸ್ಟಿಕ್ ತಟ್ಟೆಯನ್ನು ಬಿಚ್ಚಿಸಲೇಬೇಕು, ಇಲ್ಲದಿದ್ದರೆ ಸೋರಿಕೆ ಅದರ ಮೇಲೆಯೇ ನಿಂತು ಕಾಣುವುದಿಲ್ಲ. ಕೂಲೆಂಟ್ ಮಟ್ಟ ಇಳಿದಿದೆಯೇ, ಆಯಿಲ್ ಫಿಲ್ಟರ್ ಹೌಸಿಂಗ್ ಸುತ್ತ ಜಿಡ್ಡಿದೆಯೇ ಕೇಳಿ. ಈ ಎಂಜಿನ್ನಿಗೆ 6.5 ಲೀಟರ್ ಆಯಿಲ್ ಹೋಗುತ್ತದೆ. ಓಟ ಕಡಿಮೆಯಿದ್ದರೂ ವರ್ಷಕ್ಕೊಮ್ಮೆ ಬದಲಾಯಿಸಿದ ಬಿಲ್ಲು ಇದ್ದರೆ ಮಾಲೀಕರಿಗೆ ಗಾಡಿಯ ಮೇಲೆ ಮಮತೆ ಇತ್ತು ಅಂತಲೇ ಲೆಕ್ಕ.

ಓಡಿಸಿ ನೋಡಲು ಬೆಳಿಗ್ಗೆ ಹೋಗಿ, ಮೊದಲು ಬಾನೆಟ್ ಮೇಲೆ ಕೈಯಿಡಿ. ಬೆಚ್ಚಗಿದ್ದರೆ ಮುಂಚೆಯೇ ಸ್ಟಾರ್ಟ್ ಮಾಡಿಟ್ಟಿದ್ದಾರೆ, ಇನ್ನೊಂದು ದಿನ ಬನ್ನಿ. ತಣ್ಣಗಿದ್ದಾಗ ಒಂದು ನಿಮಿಷ ಐಡಲ್ ಏರಿರುವುದು ಸಹಜ, ನೀಲಿ ಹೊಗೆ ಸಹಜವಲ್ಲ. ವೇಗ ಪರೀಕ್ಷಿಸುವ ಅಗತ್ಯವೇ ಇಲ್ಲ, ಅದು ಓಡುತ್ತದೆ. ಹಾಳು ರಸ್ತೆಯಲ್ಲಿ 20ರ ವೇಗದಲ್ಲಿ, ಹಾಡು ನಿಲ್ಲಿಸಿ, ಸಸ್ಪೆನ್ಷನ್ ಸದ್ದು ಕೇಳಿ.

ಕಾಗದಪತ್ರದಲ್ಲಿ ಮೊದಲು ಇನ್ಶೂರೆನ್ಸ್ ಪಾಲಿಸಿಯ ನೋ ಕ್ಲೇಮ್ ಬೋನಸ್ ನೋಡಿ. ಮೂರು ವರ್ಷ ಕ್ಲೇಮ್ ಇಲ್ಲದಿದ್ದರೆ ಅದು 35 ಶೇಕಡಾ. ಸೊನ್ನೆ ಇದ್ದರೆ ಏನು ರಿಪೇರಿ ಆಯಿತು ಅಂತ ಬಿಲ್ಲು ಕೇಳಿ. 50 ಇದ್ದರೆ ಹಳೆಯ ಗಾಡಿಯಿಂದ ತಂದ ಬೋನಸ್ ಇರಬಹುದು, ಆದ್ದರಿಂದ ಅದೊಂದನ್ನೇ ನಂಬಬೇಡಿ. ಆ ಬೋನಸ್ ನಿಮಗೆ ಬರುವುದಿಲ್ಲ, ಮಾಲೀಕರ ಜೊತೆ ಹೋಗುತ್ತದೆ. ಪಾಲಿಸಿಯನ್ನು 14 ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಿ, ನೀರು ಹೊಕ್ಕು ಎಂಜಿನ್ ಕೆಟ್ಟರೆ ಭರಿಸುವ ಎಂಜಿನ್ ಪ್ರೊಟೆಕ್ಟ್ ಸೇರಿಸಿ. ಮಹಾರಾಷ್ಟ್ರ ಟ್ರಾಫಿಕ್ ಪೊಲೀಸರ ಮಹಾಟ್ರಾಫಿಕ್‌ ಆ್ಯಪಿನಲ್ಲಿ ಚಲನ್ ತೆರೆದು ನೋಡಿ. ಮುಂಬೈ–ಪುಣೆ ಎಕ್ಸ್‌ಪ್ರೆಸ್‌ವೇಯ ಕ್ಯಾಮೆರಾಗಳು ಬಂದ ಮೇಲೆ ಅದೊಂದು ಒಳ್ಳೆಯ ಜಾತಕ. 100ರ ಮಿತಿಯಲ್ಲಿ ಎಷ್ಟು ಸಲ ಸಿಕ್ಕಿಬಿದ್ದಿದ್ದಾರೆ ಎಂಬುದು ತಾರೀಖಿನ ಸಮೇತ ಸಿಗುತ್ತದೆ.

ವರ್ಗಾವಣೆಗೆ ಫಾರ್ಮ್ 29, 30. ಸಾಲ ಇದ್ದರೆ ಬ್ಯಾಂಕಿನ ಎನ್‌ಒಸಿ ಮತ್ತು ಫಾರ್ಮ್ 35. ಅಂಧೇರಿಯ ಎಂಎಚ್ 02 ನಂಬರು ಪುಣೆಗೆ ಬಂದರೂ ಬದಲಾಗುವುದಿಲ್ಲ, ತೆರಿಗೆ ಮತ್ತೆ ಕಟ್ಟಬೇಕಿಲ್ಲ. ಕಂಪನಿ ಹೆಸರಿನ ಗಾಡಿಯಾದರೆ ಮಾರಲು ಅನುಮತಿ ಕೊಟ್ಟ ಬೋರ್ಡ್ ನಿರ್ಣಯದ ಪತ್ರ ಮೊದಲೇ ಕೈಗೆ ಬರಲಿ. ಮುಂದೆ ಹುಬ್ಬಳ್ಳಿಗೇ ಮರಳುವ ಯೋಚನೆಯಿದ್ದರೆ ಫಾರ್ಮ್ 28ರ ಎನ್‌ಒಸಿ ತಂದು, 12 ತಿಂಗಳೊಳಗೆ ಕರ್ನಾಟಕದ ನಂಬರು ಮಾಡಿಸಿ ಆಯುಷ್ಯ ತೆರಿಗೆ ಕಟ್ಟಬೇಕು. ಆ ಮೊತ್ತ ಸಣ್ಣದಲ್ಲ, ಈಗಲೇ ಲೆಕ್ಕ ಹಾಕಿ.

ಬೆಲೆ ಮಾತಾಡುವಾಗ ಹಳೆಯ ಇನ್‌ವಾಯ್ಸ್ ತೋರಿಸಿದರೆ ಮರುಳಾಗಬೇಡಿ. 2025ರ ಸೆಪ್ಟೆಂಬರ್ 22ರಿಂದ ದೊಡ್ಡ ಕಾರುಗಳ ಜಿಎಸ್‌ಟಿ ಸೆಸ್ ಸೇರಿದ ಹಳೆಯ ದರದಿಂದ 40 ಶೇಕಡಾಗೆ ಇಳಿದಿದೆ. ಹೋಲಿಕೆ ಇವತ್ತಿನ ಹೊಸ ಗಾಡಿಯ ಬೆಲೆಯ ಜೊತೆ ಆಗಬೇಕು. ಪೂರ್ತಿ ಬೆಲೆಯ ಮೇಲೆ 18 ಶೇಕಡಾ ಜಿಎಸ್‌ಟಿ ಕೊಡಿ ಅಂದರೂ ಒಪ್ಪಬೇಡಿ, ಡೀಲರು ಕಟ್ಟಬೇಕಾದದ್ದು ತನ್ನ ಲಾಭದ ಅಂತರದ ಮೇಲೆ ಮಾತ್ರ. ಟೋಕನ್ ಕೊಡುವುದಾದರೆ ರಸೀದಿಯಲ್ಲಿ ಒಂದು ಸಾಲು ಬರೆಸಿ: ವರ್ಕ್‌ಶಾಪ್ ತಪಾಸಣೆಯಲ್ಲಿ ದೋಷ ಕಂಡರೆ ಹಣ ಪೂರ್ತಿ ವಾಪಸ್. ಅದಕ್ಕೆ ಸಹಿ ಹಾಕಲು ಹಿಂದೇಟು ಹೊಡೆದರೆ ಆ ‘ಇನ್ನೂ ಇಬ್ಬರಿಗೆ’ ಗಾಡಿ ಬಿಟ್ಟುಕೊಡಿ.