ಇಥಿಯೋಪಿಯದ ಚಕ್ರವರ್ತಿಯನ್ನು ಬೀಳಿಸಿದ್ದು ಹಸಿವು

ಇಥಿಯೋಪಿಯದ ಅರಸೊತ್ತಿಗೆ ಬಿದ್ದ ಕಥೆಯನ್ನು ಎಷ್ಟೋ ಜನ ಒಂದೇ ಸಾಲಿನಲ್ಲಿ ಮುಗಿಸಿಬಿಡುತ್ತಾರೆ: 1974ರಲ್ಲಿ ಕಮ್ಯುನಿಸ್ಟ್ ಸೈನಿಕರು ಚಕ್ರವರ್ತಿ ಹೈಲೆ ಸೆಲಾಸಿಯನ್ನು ಇಳಿಸಿದರು ಅಂತ. ಆದರೆ ಆ ವರ್ಷದ ಜನವರಿಯಲ್ಲಿ ನೆಗೆಲೆಯ ಸೇನಾ ಶಿಬಿರದಲ್ಲಿ ಮೊದಲು ಬಂಡೆದ್ದವರು ಯಾವ ಸಿದ್ಧಾಂತದ ಮಾತನ್ನೂ ಆಡಿರಲಿಲ್ಲ. ಅವರ ನೀರಿನ ಪಂಪು ಕೆಟ್ಟಿತ್ತು. ಅಧಿಕಾರಿಗಳು ತಮ್ಮ ಬಾವಿಯ ನೀರು ಕೊಡಲಿಲ್ಲ, ಊಟವಂತೂ ಬಾಯಿಗಿಡುವ ಹಾಗಿರಲಿಲ್ಲ. ಸಮಾಧಾನ ಮಾಡಲು ಚಕ್ರವರ್ತಿ ಒಬ್ಬ ಜನರಲ್‌ನನ್ನು ಕಳಿಸಿದರೆ, ಸೈನಿಕರು ಅವನನ್ನೇ ಹಿಡಿದಿಟ್ಟುಕೊಂಡು ಅದೇ ಊಟ ತಿನ್ನಿಸಿ ಅದೇ ನೀರು ಕುಡಿಸಿದರು.

ಇದರ ಬೇರು ಇದ್ದದ್ದು ಜಮೀನಿನಲ್ಲಿ. ದೇಶದ ದಕ್ಷಿಣ ಭಾಗದಲ್ಲಿ ಉಳುವವರು ಹೆಚ್ಚಾಗಿ ಗೇಣಿದಾರರು. ಬೆಳೆದದ್ದರಲ್ಲಿ ಅರ್ಧ, ಕೆಲವು ಕಡೆ ಅದಕ್ಕೂ ಜಾಸ್ತಿ ಧಣಿಗೆ ಹೋಗುತ್ತಿತ್ತು. ಗೇಣಿ ಸುಧಾರಣೆಯ ಮಸೂದೆ ಸಂಸತ್ತಿಗೆ ಬಂದರೂ ಪಾಸಾಗಲಿಲ್ಲ. ಅಲ್ಲಿ ಕೂತವರಲ್ಲಿ ಬಹಳ ಮಂದಿ ಜಮೀನ್ದಾರರೇ ಇದ್ದರಲ್ವಾ. 'ಉಳುವವನಿಗೆ ಭೂಮಿ' ಅಂತ ವಿದ್ಯಾರ್ಥಿಗಳು 1965ರಲ್ಲೇ ಅಡಿಸ್ ಅಬಾಬಾದ ಬೀದಿಗಿಳಿದಿದ್ದರು. ಕಮ್ಯುನಿಸಂ ಆ ದೇಶಕ್ಕೆ ಬಂದದ್ದು ಹೆಚ್ಚಾಗಿ ಇವರ ಮೂಲಕ, ಸೈನ್ಯದ ಮೂಲಕ ಅಲ್ಲ.

ಆಮೇಲೆ ವೊಲ್ಲೊ ಪ್ರಾಂತ್ಯದಲ್ಲಿ ಬರ ಬಿತ್ತು. 1972ರಿಂದ 74ರ ನಡುವೆ ಹತ್ತಾರು ಸಾವಿರ ಜನ ಹಸಿವಿನಿಂದ ಸತ್ತರು. ಸರ್ಕಾರ ಅದನ್ನು ಮುಚ್ಚಿಟ್ಟಿತು. ದೇಶದ ಮರ್ಯಾದೆ ಹೋಗುತ್ತದೆ ಅಂತ ಸಾವನ್ನೇ ಬಚ್ಚಿಡುವುದಕ್ಕಿಂತ ದೊಡ್ಡ ಅಪರಾಧ ಒಬ್ಬ ಅರಸ ಮಾಡಬಹುದಾ? ನನಗಂತೂ ಗೊತ್ತಿಲ್ಲ. 1973ರ ಅಕ್ಟೋಬರ್‌ನಲ್ಲಿ ಬ್ರಿಟನ್ನಿನ ಟಿವಿ ವರದಿಗಾರ ಜೊನಾಥನ್ ಡಿಂಬಲ್ಬಿ ಆ ಬರವನ್ನು ಜಗತ್ತಿಗೆ ತೋರಿಸಿದ. ಅದೇ ಹೊತ್ತಿಗೆ ತೈಲದ ಬೆಲೆ ಏರಿತು. 1974ರ ಫೆಬ್ರವರಿಯಲ್ಲಿ ರಾಜಧಾನಿಯ ಟ್ಯಾಕ್ಸಿ ಚಾಲಕರು, ಮೇಷ್ಟ್ರುಗಳು ಮುಷ್ಕರ ಹೂಡಿದರು. ಪ್ರಧಾನಿ ರಾಜೀನಾಮೆ ಕೊಟ್ಟರೂ ಗಲಾಟೆ ತಣ್ಣಗಾಗಲಿಲ್ಲ. ಜೂನ್‌ನಲ್ಲಿ ಬೇರೆ ಬೇರೆ ಪಡೆಗಳಿಂದ ಬಂದ ನೂರಕ್ಕೂ ಹೆಚ್ಚು ಸೈನಿಕರು, ಹೆಚ್ಚಿನವರು ಕೆಳದರ್ಜೆಯ ಅಧಿಕಾರಿಗಳು, ಸೇರಿ ಒಂದು ಸಮಿತಿ ಮಾಡಿಕೊಂಡರು. ಅದೇ ದೆರ್ಗ್.

ಅವರು ಒಂದೇ ದಿನ ಅರಮನೆಗೆ ನುಗ್ಗಲಿಲ್ಲ. ಚಕ್ರವರ್ತಿಯ ಹೆಸರಿನಲ್ಲೇ ಅವರ ಮಂತ್ರಿಗಳನ್ನು ಒಬ್ಬೊಬ್ಬರಾಗಿ ಬಂಧಿಸುತ್ತಾ ಹೋದರು. ಸೆಪ್ಟೆಂಬರ್ 11ರ ರಾತ್ರಿ ಡಿಂಬಲ್ಬಿಯ ಚಿತ್ರವನ್ನು ಇಥಿಯೋಪಿಯದ ಟಿವಿಯಲ್ಲಿ ಹಾಕಿದರು, ಎಲುಬು ಕಾಣುವ ಮಕ್ಕಳ ನಡುನಡುವೆ ಅರಮನೆಯ ಔತಣದ ದೃಶ್ಯಗಳನ್ನು ಸೇರಿಸಿ. ಮರುದಿನ ಬೆಳಿಗ್ಗೆ 82 ವರ್ಷದ ಮುದುಕ ಅರಸನನ್ನು ಒಂದು ಫೋಕ್ಸ್‌ವ್ಯಾಗನ್ ಬೀಟಲ್ ಕಾರಿನ ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಹೋದರು. 1930ರಲ್ಲಿ ಪಟ್ಟಕ್ಕೇರಿದ್ದ, ಮುಸೊಲಿನಿಯ ದಾಳಿ ತಡೆಯಿರಿ ಅಂತ 1936ರಲ್ಲಿ ಜಿನೀವಾಕ್ಕೆ ಹೋಗಿ ಜಗತ್ತನ್ನು ಕೇಳಿದ್ದ ಮನುಷ್ಯ ಅವರು. 1975ರ ಆಗಸ್ಟ್‌ನಲ್ಲಿ ಸೆರೆಯಲ್ಲೇ ತೀರಿಕೊಂಡರು. ಅವರ ಮೂಳೆ ಅರಮನೆಯ ಆವರಣದಲ್ಲೇ ನೆಲದಡಿ ಸಿಕ್ಕಿದ್ದು 1992ರಲ್ಲಿ.

ಸರ್ಕಾರದೊಳಗೆ ಕಮ್ಯುನಿಸಂ ಬಂದದ್ದು ಅರಸನನ್ನು ಇಳಿಸಿದ ಮೇಲೆ. 1974ರ ನವೆಂಬರ್‌ನಲ್ಲಿ ಒಂದೇ ರಾತ್ರಿ ಸುಮಾರು 60 ಮಂದಿ ಹಳೆಯ ಮಂತ್ರಿಗಳು, ಅಧಿಕಾರಿಗಳನ್ನು ವಿಚಾರಣೆ ಇಲ್ಲದೆ ಕೊಂದರು. ಡಿಸೆಂಬರ್‌ನಲ್ಲಿ ಸಮಾಜವಾದ ಘೋಷಣೆಯಾಯಿತು. 1975ರ ಮಾರ್ಚ್‌ನಲ್ಲಿ ಹಳ್ಳಿಯ ಜಮೀನೆಲ್ಲಾ ಸರ್ಕಾರದ್ದಾಯಿತು, ಒಂದು ಕುಟುಂಬಕ್ಕೆ ಹೆಚ್ಚೆಂದರೆ 10 ಹೆಕ್ಟೇರ್. ನಮ್ಮಲ್ಲಿ ದೇವರಾಜ ಅರಸರ ಕಾಲದ ಭೂ ಸುಧಾರಣೆ ಜಾರಿಗೆ ಬಂದು ಆಗಿನ್ನೂ ಒಂದು ವರ್ಷ. ಆದರೆ ಇಲ್ಲಿ ಗೇಣಿದಾರ ಪಹಣಿಯಲ್ಲಿ ಹೆಸರು ಹಾಕಿಸಿಕೊಂಡು ಒಡೆಯನಾದ. ಅಲ್ಲಿ ಗೇಣಿ ತಪ್ಪಿದರೂ ಅವನಿಗೆ ದಕ್ಕಿದ್ದು ಉಳುವ ಹಕ್ಕು ಮಾತ್ರ. ಅಷ್ಟಾದರೂ ದಕ್ಷಿಣದ ರೈತರಿಗೆ ಅದು ದೊಡ್ಡ ಬಿಡುಗಡೆಯೇ, ಅದನ್ನು ಸಣ್ಣದು ಮಾಡಬಾರದು.

1977ರ ಫೆಬ್ರವರಿಯಲ್ಲಿ ದೆರ್ಗ್‌ನ ಸೇನಾಧಿಕಾರಿ ಮೆಂಗಿಸ್ತು ಹೈಲೆ ಮರಿಯಂ ತನ್ನ ಜೊತೆಗಾರರನ್ನೇ ಕೊಲ್ಲಿಸಿ ಪೂರ್ತಿ ಅಧಿಕಾರ ಹಿಡಿದ. ಕೆಂಪು ಭಯೋತ್ಪಾದನೆ ಅಂತ ಕರೆಸಿಕೊಂಡ ಆ ದಿನಗಳಲ್ಲಿ ಸಾವಿರಾರು ಯುವಕರು ಸತ್ತರು. ಅವರಲ್ಲಿ ಎಷ್ಟೋ ಜನ ಭೂಮಿ ಕೇಳಿ ಬೀದಿಗಿಳಿದ ಅದೇ ವಿದ್ಯಾರ್ಥಿ ಚಳವಳಿಯಿಂದ ಬಂದವರು, ಮಾರ್ಕ್ಸ್‌ನನ್ನು ನಂಬಿದವರು. ಸೊಮಾಲಿಯಾ ದಂಡೆತ್ತಿ ಬಂದಾಗ ಸೋವಿಯತ್ ಆಯುಧ, ಕ್ಯೂಬಾದ ಸೈನಿಕರು ಬಂದು ಮೆಂಗಿಸ್ತುವನ್ನು ಉಳಿಸಿದರು.

1984ರ ಸೆಪ್ಟೆಂಬರ್‌ನಲ್ಲಿ ಕ್ರಾಂತಿಗೆ ಹತ್ತು ವರ್ಷ ತುಂಬಿತು. ಉತ್ತರ ಕೊರಿಯಾದ ತಜ್ಞರನ್ನು ಕರೆಸಿ ರಾಜಧಾನಿಯನ್ನು ಸಿಂಗರಿಸಿದರು, ಕೋಟಿಗಟ್ಟಲೆ ಡಾಲರ್ ಸುರಿದು ಹಬ್ಬ ಮಾಡಿ ಇಥಿಯೋಪಿಯ ಕಾರ್ಮಿಕರ ಪಕ್ಷವನ್ನು ಕಟ್ಟಿದರು. ಅದೇ ಹೊತ್ತಿನಲ್ಲಿ ಅದೇ ವೊಲ್ಲೊದಲ್ಲಿ, ಪಕ್ಕದ ಟಿಗ್ರೆಯಲ್ಲಿ ಮತ್ತೆ ಲಕ್ಷಗಟ್ಟಲೆ ಜನ ಹಸಿವಿನಿಂದ ಸಾಯುತ್ತಿದ್ದರು. ಹಬ್ಬ ಮುಗಿಯುವವರೆಗೂ ಆ ಸುದ್ದಿಯನ್ನು ಅದುಮಿಟ್ಟರು. ಬರ ಒಂದೇ ಕಾರಣವೂ ಅಲ್ಲ. ಉತ್ತರದಲ್ಲಿ ಯುದ್ಧ ನಡೆದಿತ್ತು, ರೈತರು ಕಡಿಮೆ ಬೆಲೆಗೆ ಸರ್ಕಾರಕ್ಕೆ ಧಾನ್ಯ ಒಪ್ಪಿಸಲೇಬೇಕಿತ್ತು.

1991ರ ಮೇನಲ್ಲಿ ಬಂಡುಕೋರರು ರಾಜಧಾನಿಗೆ ಹತ್ತಿರವಾದಾಗ ಮೆಂಗಿಸ್ತು ಜಿಂಬಾಬ್ವೆಗೆ ಓಡಿಹೋದ. 2006ರಲ್ಲಿ ಇಥಿಯೋಪಿಯದ ನ್ಯಾಯಾಲಯ, ಅವನ ಗೈರುಹಾಜರಿಯಲ್ಲೇ, ನರಮೇಧದ ಅಪರಾಧಿ ಅಂತ ತೀರ್ಪು ಕೊಟ್ಟಿತು. ದೆರ್ಗ್ ಹೋದರೂ ಅದರ ಭೂ ಕಾನೂನಿನ ತಿರುಳು ಹೋಗಲಿಲ್ಲ. 1995ರ ಸಂವಿಧಾನದಲ್ಲೂ ಭೂಮಿ ಸರ್ಕಾರದ್ದು ಮತ್ತು ಜನರದ್ದು, ಮಾರುವ ಹಾಗಿಲ್ಲ ಅಂತಲೇ ಬರೆದಿದೆ.