ಬಂಡೆದ್ದ ಕಾರಣವನ್ನು ಗೆದ್ದ ಕಾರಣವೆಂದು ಬರೆಯಬೇಡಿ

ಬೆಂಗಳೂರಿನ ವಿಜಯನಗರದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಇತಿಹಾಸ ಪಾಠ ಹೇಳುವ ನಾನು, ಅಮೆರಿಕದ ವಸಾಹತುಗಳು ಬ್ರಿಟನ್ನಿನ ವಿರುದ್ಧ ಗೆದ್ದದ್ದೇಕೆ ಎಂಬ ಪ್ರಶ್ನೆಯ ಉತ್ತರಗಳನ್ನು ತಿದ್ದುವಾಗ ಪ್ರತಿ ವರ್ಷವೂ ಒಂದೇ ತಪ್ಪನ್ನು ಕಾಣುತ್ತೇನೆ. ಕಾಗದಪತ್ರಗಳ ಮೇಲೆ ತೆರಿಗೆ ಹೇರಿದ 1765ರ ಸ್ಟಾಂಪ್ ಕಾಯಿದೆ, 1773ರಲ್ಲಿ ಪ್ರತಿಭಟನೆಯಾಗಿ ಬೋಸ್ಟನ್ ಬಂದರಿನ ನೀರಿಗೆ ಬಿದ್ದ ಚಹಾ ಪೆಟ್ಟಿಗೆಗಳು, ಬ್ರಿಟಿಷ್ ಸಂಸತ್ತಿನಲ್ಲಿ ಪ್ರಾತಿನಿಧ್ಯವಿಲ್ಲದ ತೆರಿಗೆ, ಇಷ್ಟನ್ನು ಎರಡು ಪುಟ ತುಂಬಿಸಿ ‘ಆದ್ದರಿಂದ ಗೆದ್ದರು’ ಎಂದು ಮುಗಿಸುತ್ತಾರೆ. ಇವೆಲ್ಲ ಅವರು ಬಂಡೆದ್ದದ್ದಕ್ಕೆ ಕಾರಣಗಳು. ನ್ಯಾಯ ತಮ್ಮ ಕಡೆಗಿದ್ದೂ ಸೋತ ಜನ ಎಷ್ಟೋ ಇದ್ದಾರೆ. ಹಾಗಿರುವಾಗ ಇವರು ಮಾತ್ರ ಹೇಗೆ ಗೆದ್ದರೆಂಬುದನ್ನು ಬೇರೆಯಾಗಿಯೇ ವಿವರಿಸಬೇಕಲ್ಲವೇ?

ಬ್ರಿಟಿಷರು ನ್ಯೂಯಾರ್ಕನ್ನು 1776ರಲ್ಲಿ, ಫಿಲಡೆಲ್ಫಿಯಾವನ್ನು 1777ರಲ್ಲಿ ಹಿಡಿದರು; ಆದರೆ ಊರು ಹಿಡಿದ ಸೇನೆಗೆ ಸುತ್ತಲಿನ ನಾಡು ವಶವಾಗಲಿಲ್ಲ, ಲಂಡನ್ನಿನ ಆಜ್ಞೆ ಅಟ್ಲಾಂಟಿಕ್ ದಾಟಿ ಬರುವಷ್ಟರಲ್ಲಿ ವಾರಗಳೇ ಕಳೆದು ರಣರಂಗದ ಸ್ಥಿತಿ ಬದಲಾಗಿರುತ್ತಿತ್ತು. 1777ರ ಅಕ್ಟೋಬರಿನಲ್ಲಿ ಸರಟೋಗಾದಲ್ಲಿ ಬ್ರಿಟಿಷ್ ಸೇನಾನಿ ಬರ್ಗಾಯ್ನ್ ಶರಣಾದ ಮೇಲೆ, 1778ರ ಫೆಬ್ರವರಿಯಲ್ಲಿ ಫ್ರಾನ್ಸ್ ಅಮೆರಿಕನ್ನರೊಡನೆ ಒಪ್ಪಂದ ಮಾಡಿಕೊಂಡಿತು. ಮರುವರ್ಷ ಸ್ಪೇನ್ ಕೂಡ ಬ್ರಿಟನ್ನಿನ ವಿರುದ್ಧ ಯುದ್ಧಕ್ಕಿಳಿಯಿತು. 1781ರ ಸೆಪ್ಟೆಂಬರಿನಲ್ಲಿ ಚೆಸಾಪೀಕ್ ಕೊಲ್ಲಿಯ ಬಾಯಿಯಲ್ಲಿ ಫ್ರೆಂಚ್ ನೌಕಾಪಡೆ ಬ್ರಿಟಿಷ್ ಹಡಗುಗಳನ್ನು ತಡೆದು ಹಿಮ್ಮೆಟ್ಟಿಸದೆ ಹೋಗಿದ್ದರೆ, ಯಾರ್ಕ್‌ಟೌನಿನಲ್ಲಿ ಸಿಕ್ಕಿಬಿದ್ದಿದ್ದ ಬ್ರಿಟಿಷ್ ಸೇನಾನಿ ಕಾರ್ನ್‌ವಾಲಿಸ್ ಸಮುದ್ರದ ದಾರಿಯಲ್ಲಿ ಪಾರಾಗುವ ಸಾಧ್ಯತೆ ಇತ್ತು. ಅಕ್ಟೋಬರ್ 19ರಂದು ಅವನ ಏಳು ಸಾವಿರಕ್ಕೂ ಹೆಚ್ಚು ಸೈನಿಕರು ಶರಣಾದರು.

ಇದೇ ಕಾಲದಲ್ಲಿ, 1780ರಲ್ಲಿ, ಮೈಸೂರಿನ ಹೈದರಾಲಿ ಇಂದಿನ ತಮಿಳುನಾಡಿನ ಕಡೆಯ ಕರ್ನಾಟಿಕ್ ಪ್ರಾಂತ್ಯಕ್ಕೆ ನುಗ್ಗಿ ಪೊಲ್ಲಿಲೂರಿನಲ್ಲಿ ಬ್ರಿಟಿಷರ ಈಸ್ಟ್ ಇಂಡಿಯಾ ಕಂಪನಿಯ ಪಡೆಯೊಂದನ್ನು ನಾಶಮಾಡಿದ್ದ. ಇದರಿಂದಲೇ ಅಮೆರಿಕ ಗೆದ್ದಿತೆಂದು ಅಭಿಮಾನದಿಂದ ಬರೆಯುವವರಿದ್ದಾರೆ. ಅಷ್ಟು ದೂರ ಹೋಗಲು ನಾನು ಒಪ್ಪುವುದಿಲ್ಲ. ಬ್ರಿಟನ್ ಏಕಕಾಲಕ್ಕೆ ಹಲವು ಕಡೆ ಹೋರಾಡಬೇಕಾಯಿತು, ಅವುಗಳಲ್ಲಿ ಮೈಸೂರೂ ಒಂದು ಎಂದರೆ ಸಾಕು. ಆದರೂ 1782ರಲ್ಲಿ ಪೆನ್ಸಿಲ್ವೇನಿಯಾದವರು ತಮ್ಮ ಯುದ್ಧನೌಕೆಯೊಂದಕ್ಕೆ ಹೈದರಾಲಿಯ ಹೆಸರಿಟ್ಟಿದ್ದರೆಂದು ಹೇಳುವಾಗ ನನಗೆ ಇಂದಿಗೂ ಸಂತೋಷವಾಗುತ್ತದೆ.

ಒಮ್ಮೆ ವಿದ್ಯಾರ್ಥಿಗಳನ್ನು ಕೆ.ಆರ್. ಮಾರುಕಟ್ಟೆಯ ಬಳಿಯ ಕೋಟೆಗೆ ಕರೆದೊಯ್ದಿದ್ದೆ. ಬ್ರಿಟಿಷರು ಗೋಡೆ ಒಡೆದು ನುಗ್ಗಿದ ಜಾಗದಲ್ಲಿ 1791ರ ಮಾರ್ಚ್ 21ರ ದಿನಾಂಕವುಳ್ಳ ಫಲಕವಿದೆ. ಆ ಸೇನೆಯ ನಾಯಕ ಅದೇ ಕಾರ್ನ್‌ವಾಲಿಸ್. ಹಾಸನದ ಕಡೆಯ ಹುಡುಗಿಯೊಬ್ಬಳು ಫಲಕದ ಮೇಲೆ ಕೈಯಿಟ್ಟು, ‘ಸರ್, ಅಲ್ಲಿ ಸೋತವನು ಹತ್ತು ವರ್ಷದೊಳಗೆ ಇಲ್ಲಿ ಗೆದ್ದದ್ದು ಹೇಗೆ? ಟಿಪ್ಪುವಿನ ಸೈನಿಕರು ಧೈರ್ಯದಲ್ಲಿ ಕಡಿಮೆಯಿದ್ದರೇ?’ ಎಂದು ಕೇಳಿದಳು. ಧೈರ್ಯದಲ್ಲಿ ಕಡಿಮೆಯಿರಲಿಲ್ಲವಮ್ಮ, ಆದರೆ ಈ ಸಲ ಮರಾಠರೂ ನಿಜಾಮನೂ 1790ರಲ್ಲೇ ಕಂಪನಿಯೊಡನೆ ಒಪ್ಪಂದ ಮಾಡಿಕೊಂಡಿದ್ದರು, ಕ್ರಾಂತಿಯಲ್ಲಿ ಮುಳುಗಿದ್ದ ಫ್ರಾನ್ಸಿನಿಂದ ಟಿಪ್ಪುವಿಗೆ ನೌಕಾಪಡೆ ಬರಲಿಲ್ಲ ಎಂದೆ. ಅವಳು ಅಲ್ಲೇ ಚೀಲದಿಂದ ತನ್ನ ಹಳೆಯ ಉತ್ತರ ಪತ್ರಿಕೆಯನ್ನು ತೆಗೆದು, ಕೊನೆಯ ಸಾಲನ್ನು ಹೊಡೆದುಹಾಕಿದಳು.