ಗಾಲ್ಫ್ ಕಾರ್ಟ್: ವೇಗ ಬೇಕೋ, ಎಳೆತ ಬೇಕೋ?

ನಾನಿರುವುದು ಅಮೆರಿಕದ ಜಾರ್ಜಿಯಾ ರಾಜ್ಯದ ಪೀಚ್‌ಟ್ರೀ ಸಿಟಿಯಲ್ಲಿ. ಗಾಲ್ಫ್ ಕಾರ್ಟ್ ಓಡಾಡಲೆಂದೇ ಇಲ್ಲಿ 160 ಕಿ.ಮೀ. ಹತ್ತಿರ ದಾರಿಗಳಿವೆ. ಮಕ್ಕಳ ಶಾಲೆಗೆ, ಹಾಲು ತರಕಾರಿಗೆ, ಎಲ್ಲಕ್ಕೂ ಇದೇ ಗಾಡಿ. ಹಂಪಿಯಲ್ಲಿ ವಿಠ್ಠಲ ದೇವಸ್ಥಾನಕ್ಕೆ ಹೋಗುವಾಗ ಬ್ಯಾಟರಿ ಗಾಡಿ ಹತ್ತಿದ್ದೀರಲ್ಲ, ಅದರ ಚಿಕ್ಕ ತಮ್ಮ ಅಂದುಕೊಳ್ಳಿ.

ಹಳೆಯ ಗಾಡಿ ಕೊಂಡವರೆಲ್ಲ ಕೇಳುವ ಪ್ರಶ್ನೆ ಒಂದೇ: "ಗಾಡಿ ಜೋರಾಗಿ ಓಡಬೇಕು, ಏನು ಹಾಕಿಸಲಿ?" ನಾನು ತಿರುಗಿ ಕೇಳುವುದು: ಸಮತಟ್ಟು ರಸ್ತೆಯಲ್ಲಿ ಓಟ ಸಾಲುತ್ತಿಲ್ಲವೋ, ದಿಬ್ಬ ಬಂದಾಗ ಏದುಸಿರು ಬಿಡುತ್ತದೆಯೋ? ಇವು ಬೇರೆ ಬೇರೆ ಕಾಯಿಲೆ. ಮದ್ದೂ ಬೇರೆ.

ಉದಾಹರಣೆಗೆ ನನ್ನದೇ ಗಾಡಿ ಇಟ್ಟುಕೊಳ್ಳೋಣ. ಹಳೆಯ ಈ-ಝೀ-ಗೋ ಟಿಎಕ್ಸ್‌ಟಿ. 6 ವೋಲ್ಟ್‌ನ ಆರು ಬ್ಯಾಟರಿ, ಒಟ್ಟು 36 ವೋಲ್ಟ್, ಸೀರೀಸ್ ಮೋಟಾರ್. (ಇದು ತಯಾರಾಗುವುದು ಇದೇ ರಾಜ್ಯದ ಅಗಸ್ಟಾದಲ್ಲಿ. ಪೈಪೋಟಿಯ ಕ್ಲಬ್ ಕಾರ್ ಕೂಡ ಅದೇ ಊರಿನ ಕಡೆಯದು.) ಟೈರ್ 18 ಇಂಚು, ಅಂದರೆ ಒಂದು ಸುತ್ತಿಗೆ ಸುಮಾರು 1.44 ಮೀಟರ್. ಹಿಂದಿನ ಆಕ್ಸಲ್‌ನ ಗೇರ್ ಅನುಪಾತ 12.44, ಅಂದರೆ ಚಕ್ರ ಒಂದು ಸುತ್ತು ಸುತ್ತಲು ಮೋಟಾರ್ ಹನ್ನೆರಡೂವರೆ ಸುತ್ತು ಸುತ್ತಬೇಕು. ಗಂಟೆಗೆ 20 ಕಿ.ಮೀ. ಓಡಬೇಕಾದರೆ ಚಕ್ರ ನಿಮಿಷಕ್ಕೆ 232 ಸುತ್ತು, ಮೋಟಾರ್ ಸುಮಾರು 2,890 ಸುತ್ತು. ಈ ಲೆಕ್ಕವನ್ನು ಒಮ್ಮೆ ಕೈಯಾರೆ ಮಾಡಿ ನೋಡಿ. ಮುಂದಿನದೆಲ್ಲ ಇದರ ಮೇಲೇ ನಿಂತಿದೆ.

ವೋಲ್ಟ್ ಓಡಿಸುತ್ತದೆ, ಆಂಪ್ಸ್ ಎಳೆಯುತ್ತದೆ

ಮೋಟಾರ್ ತಿರುಗುವಾಗ ತಾನೂ ಒಂದು ಡೈನಮೋ ಆಗಿಬಿಡುತ್ತದೆ. ಬ್ಯಾಟರಿಯ ವೋಲ್ಟೇಜಿಗೆ ಎದುರಾಗಿ ಒಳಗಿಂದ ಇನ್ನೊಂದು ವೋಲ್ಟೇಜ್ ಹುಟ್ಟುತ್ತದೆ. ಇದೇ ಬ್ಯಾಕ್ ಇಎಂಎಫ್. ವೇಗ ಏರಿದಷ್ಟೂ ಇದೂ ಏರುತ್ತದೆ. ಅದು ಬ್ಯಾಟರಿಯ ವೋಲ್ಟೇಜಿನ ಹತ್ತಿರ ಬಂದಾಗ ಒಳಗೆ ಹೋಗುವ ಕರೆಂಟ್ ಕಡಿಮೆಯಾಗುತ್ತಾ ಬರುತ್ತದೆ. ಎಳೆತವೂ ಗಾಳಿ ಮತ್ತು ರಸ್ತೆಯ ತಡೆಯೂ ಸಮ ಆದ ಜಾಗದಲ್ಲಿ ಗಾಡಿ "ಇನ್ನು ನನ್ನ ಕೈಲಾಗದು" ಅನ್ನುತ್ತದೆ. ಅದೇ ಅದರ ಗರಿಷ್ಠ ವೇಗ.

ಹಾಗಾಗಿ ದೊಡ್ಡ ಆಂಪ್ಸ್‌ನ ಕಂಟ್ರೋಲರ್ (ಬ್ಯಾಟರಿಯಿಂದ ಮೋಟಾರಿಗೆ ಎಷ್ಟು ಕರೆಂಟ್, ಅಂದರೆ ಎಷ್ಟು ಆಂಪ್ಸ್, ಹೋಗಬೇಕೆಂದು ಹಿಡಿತದಲ್ಲಿಡುವ ಡಬ್ಬಿ) ಹಾಕಿಸಿ ಸಮತಟ್ಟು ರಸ್ತೆಯಲ್ಲಿ ಗಾಡಿ ಹಾರುತ್ತದೆ ಅಂದುಕೊಂಡವರಿಗೆ ನಿರಾಸೆಯೇ. ಅಲ್ಲಿ ಮೋಟಾರ್ ಹೇಗೂ ಅಷ್ಟು ಆಂಪ್ಸ್ ಕೇಳುತ್ತಿರಲಿಲ್ಲ, ಅಲ್ವಾ?

ಗಾಡಿ ನಿಂತಿರುವಾಗ ಕಥೆ ಉಲ್ಟಾ. ಬ್ಯಾಕ್ ಇಎಂಎಫ್ ಸೊನ್ನೆ. ಆಗ ಕರೆಂಟಿಗೆ ಕಡಿವಾಣ ಹಾಕುವುದು ಕಂಟ್ರೋಲರ್ ಮಾತ್ರ. ಟಾರ್ಕ್, ಅಂದರೆ ತಿರುಗಿಸುವ ಬಲ, ಹುಟ್ಟುವುದು ಕರೆಂಟಿನಿಂದ. ಅದರಲ್ಲೂ ಸೀರೀಸ್ ಮೋಟಾರಿನಲ್ಲಿ ಒಂದೇ ಕರೆಂಟ್ ಆರ್ಮೇಚರ್ (ತಿರುಗುವ ಸುರುಳಿ) ಮತ್ತು ಫೀಲ್ಡ್ (ಕಾಂತ ಹುಟ್ಟಿಸುವ ಸ್ಥಿರ ಸುರುಳಿ) ಎರಡರಲ್ಲೂ ಹರಿಯುತ್ತದೆ. ಆದ್ದರಿಂದ ಕಬ್ಬಿಣದ ಕೋರ್ ಸ್ಯಾಚುರೇಟ್ ಆಗುವವರೆಗೆ (ಅದರ ಕಾಂತಶಕ್ತಿ ಇನ್ನು ಏರದು ಎನ್ನುವವರೆಗೆ), ಕರೆಂಟ್ ದುಪ್ಪಟ್ಟಾದರೆ ಟಾರ್ಕ್ ಸುಮಾರು ನಾಲ್ಕು ಪಟ್ಟಾಗುತ್ತದೆ. 300 ಆಂಪ್ಸ್ ಕಂಟ್ರೋಲರ್ ಬದಲು 400 ಆಂಪ್ಸ್‌ನದು ಹಾಕಿದಾಗ ವ್ಯತ್ಯಾಸ ಕಾಣುವುದು ಹೊರಡುವಾಗ ಮತ್ತು ಏರಿನಲ್ಲಿ.

ವೇಗವೇ ಬೇಕಾದರೆ ವೋಲ್ಟ್ ಏರಿಸಬೇಕು. 36ರಿಂದ 48ಕ್ಕೆ ಹೋದರೆ ಮೂರನೇ ಒಂದು ಪಾಲು ಜಾಸ್ತಿ, ಅಂದರೆ 20 ಇದ್ದದ್ದು ಸುಮಾರು 27 ಕಿ.ಮೀ. ಆದರೆ ಕಂಟ್ರೋಲರ್, ಸೊಲೆನಾಯ್ಡ್ (ದೊಡ್ಡ ಕರೆಂಟನ್ನು ಆನ್ ಆಫ್ ಮಾಡುವ ಸ್ವಿಚ್), ಚಾರ್ಜರ್ ಮೂರೂ 48ಕ್ಕೆ ಹೊಂದುವಂಥವು ಬೇಕು. ಲೈಟಿಗೆ 12 ವೋಲ್ಟ್ ಇಳಿಸಿಕೊಡುವ ಡಬ್ಬಿಯೂ ಬದಲಾಗಬೇಕು.

ಟೈರ್ ದೊಡ್ಡದು ಮಾಡುವುದು ಅಗ್ಗದ ಆಸೆ. 18ರ ಬದಲು 22 ಇಂಚು ಹಾಕಿದರೆ ಲೆಕ್ಕದಲ್ಲಿ ವೇಗ ಶೇ. 22 ಏರುತ್ತದೆ. ಆದರೆ ನೆಲದ ಮೇಲೆ ಸಿಗುವ ಎಳೆತ ಶೇ. 18 ಕಡಿಮೆಯಾಗುತ್ತದೆ. ಮೊದಲೇ ದಿಬ್ಬದಲ್ಲಿ ಸುಸ್ತಾಗುವ ಗಾಡಿಗೆ ಇದು ಬೇಕಿತ್ತಾ? ಗೇರ್ ಅನುಪಾತ ಇಳಿಸುವ ಹೈಸ್ಪೀಡ್ ಗೇರ್ ಕಥೆಯೂ ಇಷ್ಟೇ.

ಮೋಟಾರ್ ಯಾವುದು, ಮೊದಲು ನೋಡಿ

ಬಿಡಿಭಾಗ ಆರ್ಡರ್ ಮಾಡುವ ಮೊದಲು ಗಾಡಿಯ ಕೆಳಗೆ ತಲೆ ಹಾಕಿ. ಮೋಟಾರಿನ ಮೇಲೆ ಎ1, ಎ2, ಎಸ್1, ಎಸ್2 ಎಂದು ನಾಲ್ಕೂ ದಪ್ಪ ಬೋಲ್ಟ್ ಇದ್ದರೆ ಅದು ಸೀರೀಸ್. ಎರಡು ದಪ್ಪ, ಎಫ್1, ಎಫ್2 ಎಂಬ ಎರಡು ಸಣ್ಣವು ಇದ್ದರೆ ಸೆಪೆಕ್ಸ್, ಅಂದರೆ ಫೀಲ್ಡ್ ಸುರುಳಿಗೆ ಬೇರೆಯೇ ಕರೆಂಟ್ ಹೋಗುವ ಮೋಟಾರ್. ಒಂದರ ಕಂಟ್ರೋಲರ್ ಇನ್ನೊಂದಕ್ಕೆ ಆಗುವುದಿಲ್ಲ. ಇಳಿಜಾರಿನಲ್ಲಿ ಮೋಟಾರೇ ಗಾಡಿಯನ್ನು ಹಿಡಿದು ನಿಧಾನಗೊಳಿಸುವ ರೀಜನ್ ಬ್ರೇಕ್ ಸೆಪೆಕ್ಸ್ ಗಾಡಿಯಲ್ಲಿ ಸಿಗುತ್ತದೆ, ಈ ಹಳೆಯ ಸೀರೀಸ್ ಗಾಡಿಗಳಲ್ಲಿ ಇಲ್ಲ.

ಇನ್ನೊಂದು ಮಾತು. ಸೀರೀಸ್ ಮೋಟಾರನ್ನು ಆಕ್ಸಲ್‌ನಿಂದ ಬಿಚ್ಚಿ, ಹೊರೆಯಿಲ್ಲದೆ ಪೂರ್ತಿ ವೋಲ್ಟೇಜ್ ಕೊಟ್ಟು ತಿರುಗಿಸಬೇಡಿ. ತಡೆಯುವವರಿಲ್ಲದೆ ಸುತ್ತು ಏರುತ್ತಲೇ ಹೋಗಿ ಕಮ್ಯುಟೇಟರ್ (ತಿರುಗುವ ಸುರುಳಿಗೆ ಕರೆಂಟ್ ಮುಟ್ಟಿಸುವ ತಾಮ್ರದ ಭಾಗ) ಚೂರಾಗಬಹುದು.

ನನ್ನ ಗಾಡಿಯ ಕಾಯಿಲೆ

ನಮ್ಮ ಬೀದಿಯ ಕೊನೆಯಲ್ಲಿ ಒಂದು ಏರು. ಅಲ್ಲಿ ನನ್ನ ಗಾಡಿ 11 ಕಿ.ಮೀ.ಗೆ ಇಳಿದುಬಿಡುತ್ತಿತ್ತು. ಕಂಟ್ರೋಲರ್ ಆರ್ಡರ್ ಮಾಡಲು ಹೊರಟವನು, ಸುಮ್ನೆ ಒಮ್ಮೆ ನೋಡೋಣ ಅಂತ ಮಲ್ಟಿಮೀಟರ್ ಹಿಡಿದುಕೊಂಡು ಕೂತೆ. ನಿಂತಾಗ 38.2 ವೋಲ್ಟ್, ಪೂರ್ತಿ ಚಾರ್ಜ್. ಏರಿನಲ್ಲಿ ಪೆಡಲ್ ಒತ್ತಿದಾಗ 32.5. ಒಂದೊಂದೇ ಬ್ಯಾಟರಿ ಅಳೆದೆ. ಐದು 5.7ರ ಹತ್ತಿರ ನಿಂತವು. ಆರನೆಯದು 4ಕ್ಕೆ ಕುಸಿಯಿತು. ನಿಂತಾಗ ಮಾತ್ರ ಅದೂ ಎಲ್ಲರಂತೆ 6.3 ತೋರಿಸುತ್ತಿತ್ತು, ಕಳ್ಳ!

ಅಷ್ಟೇ ಅಲ್ಲ. ಏರು ಹತ್ತಿ ಬಂದ ಕೂಡಲೇ ಕೇಬಲ್‌ಗಳನ್ನು ಒಂದೊಂದಾಗಿ ಮುಟ್ಟಿ ನೋಡಿದೆ. ಒಂದರ ತುದಿಯ ಲಗ್ (ಬೋಲ್ಟಿಗೆ ಸಿಗಿಸುವ ಲೋಹದ ತುಂಡು) ಮಾತ್ರ ಕೈ ಸುಡುವಷ್ಟು ಬಿಸಿ. ಮತ್ತೆ ಏರು ಹತ್ತುವಾಗ ಅದರ ಆಚೆ ಈಚೆ ಮೀಟರ್ ಇಟ್ಟರೆ 0.6 ವೋಲ್ಟ್. ಚಿಕ್ಕದು ಅನ್ನಿಸುತ್ತದೆ. 200 ಆಂಪ್ಸ್ ಹರಿಯುವಾಗ ಅದು 120 ವ್ಯಾಟ್. ಆ ಒಂದು ಲಗ್‌ನಲ್ಲಿ 25 ವ್ಯಾಟ್‌ನ ನಾಲ್ಕೈದು ಸೋಲ್ಡರಿಂಗ್ ಐರನ್ ಒಟ್ಟಿಗೆ ಉರಿದಂತೆ.

ಬ್ಯಾಟರಿ ಬದಲಿಸಿ, 13 ಚದರ ಮಿ.ಮೀ. ಇದ್ದ ಕೇಬಲ್‌ಗಳ ಜಾಗದಲ್ಲಿ 33ರವನ್ನು ಹಾಕಿದೆ. ಕೆಲಸದ ಮೊದಲು ಉಂಗುರ ತೆಗೆದಿಟ್ಟು, ಸ್ಪ್ಯಾನರ್‌ಗೆ ಇನ್ಸುಲೇಷನ್ ಟೇಪ್ ಸುತ್ತಿದೆ. ಸ್ಪ್ಯಾನರ್ ಜಾರಿ ಎರಡು ಟರ್ಮಿನಲ್ ನಡುವೆ ಬಿದ್ದರೆ ಅಲ್ಲೇ ವೆಲ್ಡಿಂಗ್ ಆಗುತ್ತದೆ. 400 ಆಂಪ್ಸ್ ಕಂಟ್ರೋಲರ್ ಬಂದದ್ದು ಇದೆಲ್ಲ ಆದಮೇಲೆ, ಜೊತೆಗೆ ಅಷ್ಟು ಕರೆಂಟ್ ತಡೆಯುವ ಸೊಲೆನಾಯ್ಡ್.

ಲಿಥಿಯಂ ಹಾಕುವವರಿಗೆ

ಲೆಡ್ ಆಸಿಡ್‌ನ ಆರು ಬ್ಯಾಟರಿ ಸೇರಿದರೆ 170 ಕಿಲೋ ಹತ್ತಿರ. ಲಿಥಿಯಂ ಅದರ ಮೂರನೇ ಒಂದು ಪಾಲೂ ಇರುವುದಿಲ್ಲ. ಏರಿನಲ್ಲಿ ವೋಲ್ಟೇಜ್ ಕುಸಿಯುವುದೂ ಕಡಿಮೆ. ಇಷ್ಟು ಕೇಳಿ ಗೆಳೆಯನೊಬ್ಬ ತನ್ನ 48 ವೋಲ್ಟ್ ಗಾಡಿಗೆ ಹಾಕಿಸಿದ. ಸಮತಟ್ಟಿನಲ್ಲಿ ಬೆಣ್ಣೆಯಂತೆ ಹೊರಟಿತು. ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಏರು ಹತ್ತಿದ, ಅರ್ಧದಲ್ಲಿ ಗಾಡಿ ಪೂರ್ತಿ ಸತ್ತುಹೋಯಿತು. ಮಾರಿದವರು ಕಂಟ್ರೋಲರ್ ಕೆಟ್ಟಿದೆ ಎಂದು ಕೈ ತೊಳೆದುಕೊಂಡರು.

ಕೆಟ್ಟದ್ದು ಏನೂ ಇರಲಿಲ್ಲ. ಇಲ್ಲಿ ಒಂದು ಸೂಕ್ಷ್ಮ ಇದೆ: ಬ್ಯಾಟರಿಯ ಕರೆಂಟ್ ಬೇರೆ, ಮೋಟಾರಿನ ಕರೆಂಟ್ ಬೇರೆ. ಕಂಟ್ರೋಲರ್ ಕರೆಂಟನ್ನು ಸೆಕೆಂಡಿಗೆ ಸಾವಿರಾರು ಸಲ ಆನ್ ಆಫ್ ಮಾಡುತ್ತಿರುತ್ತದೆ. ಹೊರಡುವಾಗ ಶೇ. 20 ಸಮಯ ಮಾತ್ರ ಆನ್ ಇದ್ದರೆ, ಮೋಟಾರಿನಲ್ಲಿ 300 ಆಂಪ್ಸ್ ಸುತ್ತುತ್ತಿದ್ದರೂ ಬ್ಯಾಟರಿಯಿಂದ ಬರುವುದು ಸುಮಾರು 60. ಏರಿನಲ್ಲಿ ಪೆಡಲ್ ಪೂರ್ತಿ ಒತ್ತಿದಾಗ ಆ ಅಂತರ ಕರಗಿಹೋಗುತ್ತದೆ, ಎರಡೂ ಹೆಚ್ಚುಕಡಿಮೆ ಒಂದೇ ಆಗುತ್ತವೆ. ಅವನ ಬ್ಯಾಟರಿಯ ಬಿಎಂಎಸ್ (ಲಿಥಿಯಂ ಬ್ಯಾಟರಿಯನ್ನು ಕಾಯುವ ಒಳಗಿನ ಸರ್ಕ್ಯೂಟ್) 100 ಆಂಪ್ಸ್‌ನದು. ಮಿತಿ ಮೀರಿದಾಗ ತನ್ನ ಕೆಲಸ ಮಾಡಿ ಸಂಪರ್ಕ ಕಡಿಯಿತು. ಆ ಹೊತ್ತಿನಲ್ಲಿ ಅವರನ್ನು ಕಾಪಾಡಿದ್ದು ಕೇಬಲ್ ಎಳೆದು ಹಿಡಿಯುವ ಹಳೆಯ ಡ್ರಮ್ ಬ್ರೇಕ್. ಕೊಳ್ಳುವಾಗ ಆಂಪಿಯರ್ ಅವರ್, ಅಂದರೆ ಒಟ್ಟು ಎಷ್ಟು ಚಾರ್ಜ್ ಹಿಡಿಯುತ್ತದೆ, ಅಂತ ಮಾತ್ರ ಕೇಳಬೇಡಿ. ಬಿಎಂಎಸ್ ಎಷ್ಟು ಆಂಪ್ಸ್ ನಿರಂತರವಾಗಿ ಕೊಡುತ್ತದೆ, ಎಷ್ಟನ್ನು ಎಷ್ಟು ಸೆಕೆಂಡ್ ತಡೆಯುತ್ತದೆ, ಅದನ್ನು ಕೇಳಿ.

ಬ್ರೇಕಿನ ಮಾತು ಬಂತಲ್ಲ. ನನ್ನ ಗಾಡಿಯಂಥವುಗಳಲ್ಲಿ ಬ್ರೇಕ್ ಇರುವುದು ಹಿಂದಿನ ಎರಡು ಚಕ್ರಕ್ಕೆ ಮಾತ್ರ. ವೇಗ ಮೂರನೇ ಒಂದು ಪಾಲು ಏರಿಸಿದರೆ ನಿಲ್ಲಿಸಬೇಕಾದ ಶಕ್ತಿ ಸುಮಾರು ಮುಕ್ಕಾಲು ಪಾಲು ಏರುತ್ತದೆ. ಗಾಲ್ಫ್ ಮೈದಾನದ ಗಾಡಿಗೆ ಇಲ್ಲಿನ ತಯಾರಿಕಾ ಮಾನದಂಡ ಇಟ್ಟಿರುವ ಮಿತಿ ಗಂಟೆಗೆ 15 ಮೈಲಿ, ಅಂದರೆ 24 ಕಿ.ಮೀ. 20 ಮೈಲಿ ದಾಟಿ 25ರವರೆಗೆ ಓಡುವ ಗಾಡಿ 1998ರ ಕೇಂದ್ರ ನಿಯಮದಂತೆ ಬೇರೆಯೇ ವರ್ಗದ ವಾಹನ. ಹೆಡ್‌ಲೈಟ್, ಕನ್ನಡಿ, ಸೀಟ್ ಬೆಲ್ಟ್ ಎಲ್ಲ ಕಡ್ಡಾಯ.

ನಾನು 36 ವೋಲ್ಟಿನಲ್ಲೇ, 18 ಇಂಚಿನ ಟೈರಿನಲ್ಲೇ ಉಳಿದೆ. ಕೆಲಸ ಮುಗಿದ ಸಂಜೆ ಮಗಳನ್ನು ಕೂರಿಸಿಕೊಂಡು ಹೊರಟೆ. ಸಮತಟ್ಟಿನಲ್ಲಿ ಮೊದಲಿನಂತೆ ಅದೇ 20. "ಅಪ್ಪಾ, ಇಷ್ಟು ದುಡ್ಡು ಹಾಕಿದ್ದು ಎಲ್ಲಿ ಹೋಯ್ತು?" ಅಂದಳು. ಬೀದಿಯ ಕೊನೆಗೆ ಬಂದೆವು. ಏರಿನ ತುದಿಯಲ್ಲಿ ಮೀಟರ್ 17 ತೋರಿಸುತ್ತಿತ್ತು.